ತಿಂಡಿ ತಟ್ಟೆಯಿಂದ ತೋಳಿನವರೆಗೆ

ನಲವತ್ತನಾಲ್ಕನೇ ವಯಸ್ಸಿನಲ್ಲಿ ಜಿಮ್ ಸೇರಿದವನು ಮಾಡುವ ಮೊದಲ ತಪ್ಪು ಯಾವುದು? ನನ್ನ ಮಟ್ಟಿಗೆ ಅದೊಂದು ಡಬ್ಬ. ಜಿಮ್ಮಿನ ಪಕ್ಕದ ಅಂಗಡಿಯವನು "ಸಾರ್, ಮಸಲ್ ಬರಬೇಕಂದ್ರೆ ಅಮೈನೊ ಬೇಕೇ ಬೇಕು" ಎಂದ. ಕಿತ್ತಳೆ ಬಣ್ಣದ ಪುಡಿ; ನೀರಿಗೆ ಹಾಕಿದರೆ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಕುಡಿದ ಶರಬತ್ತಿನ ರುಚಿ. ಮೂರು ತಿಂಗಳು ಕುಡಿದೆ. ಬೆಳಿಗ್ಗೆ ಎಂದಿನಂತೆ ಚಿತ್ರಾನ್ನ, ಇಲ್ಲವೇ ಉಪ್ಪಿಟ್ಟು, ಮೇಲೊಂದು ಕಾಫಿ. ತೋಳು ಇದ್ದ ಹಾಗೇ ಇತ್ತು. ಕೊನೆಗೆ ಪರಿಚಯದ ಆಹಾರತಜ್ಞೆಯೊಬ್ಬರ ಮುಂದೆ ಡಬ್ಬ ಇಟ್ಟೆ. ಅವರು ಅದರತ್ತ ಕಣ್ಣೂ ಹಾಯಿಸಲಿಲ್ಲ. "ಅದಿರಲಿ, ಬೆಳಿಗ್ಗೆ ಏನು ತಿಂದ್ರಿ ಹೇಳಿ" ಎಂದರು.

ಆ ಪ್ರಶ್ನೆಯ ಹಿಂದಿರುವ ವಿಜ್ಞಾನವನ್ನೂ ಅದನ್ನು ಅಡುಗೆಮನೆಗೆ ತರುವ ಬಗೆಯನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬೇಕಾಗುವುದು ಒಂದು ನೋಟ್‌ಬುಕ್, ಅಡುಗೆಮನೆಯ ಸಣ್ಣ ತಕ್ಕಡಿ ಮತ್ತು ನಿಮ್ಮ ಮೈತೂಕ, ಇಷ್ಟೇ. ಮೂತ್ರಪಿಂಡದ ತೊಂದರೆ ಇರುವವರು, ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರು ಮಾತ್ರ ಎರಡನೇ ಹಂತಕ್ಕೆ ಕಾಲಿಡುವ ಮುಂಚೆ ವೈದ್ಯರನ್ನು ಕೇಳಲೇಬೇಕು. ಅವರ ಪ್ರೋಟೀನ್ ಲೆಕ್ಕವೇ ಬೇರೆ.

ಹಂತ 1: ಒಳಗೆ ಏನು ನಡೆಯುತ್ತದೆಂದು ತಿಳಿದುಕೊಳ್ಳಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಮುಂದೆ ಐದು ನಿಮಿಷ ನಿಂತು ನೋಡಿ. ಗಿರಾಕಿ ಹೇಳಿದ ಮಾಲೆಗೆ ಒಂದು ಕ್ರಮ ಇದೆ ಅಂದುಕೊಳ್ಳಿ: ಎರಡು ಮಲ್ಲಿಗೆ, ಒಂದು ಕನಕಾಂಬರ, ಒಂದು ಮರುಗ, ಮತ್ತೆ ಮಲ್ಲಿಗೆ. ಬುಟ್ಟಿಯಲ್ಲಿ ಕನಕಾಂಬರ ಮುಗಿಯಿತೋ, ಮಲ್ಲಿಗೆ ರಾಶಿ ಬಿದ್ದಿದ್ದರೂ ಮಾಲೆ ಅಲ್ಲಿಗೇ ನಿಂತಿತು.

ಪ್ರೋಟೀನ್ ಅಂಥದೊಂದು ಮಾಲೆ. ಹೂಗಳು ಅಮೈನೊ ಆಮ್ಲಗಳು, ಒಟ್ಟು 20 ಬಗೆ. ಯಾವುದರ ಪಕ್ಕ ಯಾವುದು ಎಂಬುದು ವಂಶವಾಹಿಯಲ್ಲಿ ಮೊದಲೇ ಬರೆದಿರುತ್ತದೆ; ಕಟ್ಟುವ ಕೈ ರೈಬೋಸೋಮ್. ಸ್ನಾಯುವಿನೊಳಗೆ ಈ ಕೆಲಸ ನಡೆದರೆ ಅದಕ್ಕೆ ಸ್ನಾಯು ಪ್ರೋಟೀನ್ ಸಂಶ್ಲೇಷಣೆ ಎಂದು ಹೆಸರು. ಹೆಸರು ಉದ್ದ, ಕೆಲಸ ಹೂ ಕಟ್ಟುವುದೇ.

ಇಪ್ಪತ್ತರಲ್ಲಿ ಹನ್ನೊಂದನ್ನು ದೇಹ ತನ್ನ ಹಿತ್ತಲಲ್ಲೇ ಬೆಳೆದುಕೊಳ್ಳುತ್ತದೆ. ಉಳಿದ ಒಂಬತ್ತನ್ನು ಪೇಟೆಯಿಂದ, ಅಂದರೆ ಊಟದಿಂದಲೇ ತರಬೇಕು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಲೈಸಿನ್, ಮಿಥಿಯೊನಿನ್, ಥ್ರಿಯೊನಿನ್, ಫಿನೈಲ್ ಅಲನಿನ್, ಟ್ರಿಪ್ಟೊಫಾನ್, ಹಿಸ್ಟಿಡಿನ್. ಬಾಯಿಪಾಠ ಮಾಡಬೇಕಾಗಿಲ್ಲ. ಲ್ಯೂಸಿನ್ ಮತ್ತು ಲೈಸಿನ್ ಎರಡು ನೆನಪಿದ್ದರೆ ಇವತ್ತಿಗೆ ಸಾಕು. ಈ ಪಟ್ಟಿಯೇನೂ ಸುಲಭವಾಗಿ ಸಿಕ್ಕಿದ್ದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕಮಿಂಗ್ ರೋಸ್ ಎಂಬ ವಿಜ್ಞಾನಿ ಆಗ ಗೊತ್ತಿದ್ದ ಅಮೈನೊ ಆಮ್ಲಗಳನ್ನೆಲ್ಲ ಬೆರೆಸಿ ಇಲಿಗಳಿಗೆ ತಿನ್ನಿಸಿದರು. ಇಲಿಗಳು ಬೆಳೆಯಲೇ ಇಲ್ಲ. ಬುಟ್ಟಿಯಲ್ಲಿ ಯಾವುದೋ ಒಂದು ಹೂ ಕಡಿಮೆ ಇತ್ತು. 1935ರಲ್ಲಿ ಅದೂ ಸಿಕ್ಕಿತು, ಥ್ರಿಯೊನಿನ್. ಆಮೇಲೆ ರೋಸ್ ತಮ್ಮ ವಿದ್ಯಾರ್ಥಿಗಳಿಗೇ ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಬೆಣ್ಣೆಯ ಕೊಬ್ಬು, ಶುದ್ಧ ಅಮೈನೊ ಆಮ್ಲ ಇವನ್ನೇ ಊಟವಾಗಿ ಕೊಟ್ಟು, ಒಂದೊಂದೇ ಆಮ್ಲ ತೆಗೆದು ಮೈಯಲ್ಲಿ ಏನಾಗುತ್ತದೆಂದು ಅಳೆದರು. ಹಾಸ್ಟೆಲ್ ಊಟಕ್ಕೆ ಗೊಣಗುವವರು ಈ ಹುಡುಗರನ್ನು ನೆನೆಯಬೇಕು. ರೋಸ್ ಅವರ ಎಣಿಕೆಯಲ್ಲಿ ವಯಸ್ಕರಿಗೆ ಬೇಕಾದವು ಎಂಟು. ಹಿಸ್ಟಿಡಿನ್ ಪಟ್ಟಿಗೆ ಸೇರಿದ್ದು ಆಮೇಲೆ.

ಇನ್ನೊಂದು ವಿಷಯ. ಸ್ನಾಯು ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ. ಅದರ ಪ್ರೋಟೀನಿನಲ್ಲಿ ಶೇ. 1ರಿಂದ 2ರಷ್ಟು ದಿನವೂ ಬಿಚ್ಚಿ, ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಬಿಚ್ಚಿದ ಮಾಲೆಯ ಹೂಗಳಲ್ಲಿ ಬಹುಪಾಲು ಹೊಸ ಮಾಲೆಗೆ ಬರುತ್ತವೆ, ಒಂದಷ್ಟು ಬಾಡಿ ಹೋಗುತ್ತವೆ. 1930ರ ದಶಕದಲ್ಲಿ ರುಡಾಲ್ಫ್ ಶೋನ್‌ಹೈಮರ್ ಗುರುತು ಹಾಕಿದ ಸಾರಜನಕ ಬಳಸಿ ಈ ಓಡಾಟವನ್ನು ತೋರಿಸಿಕೊಡುವ ತನಕ, ಬೆಳೆದು ನಿಂತ ದೇಹ ಹೆಚ್ಚುಕಡಿಮೆ ಹಾಗೇ ಇರುತ್ತದೆಂದೇ ತಿಳಿಯಲಾಗಿತ್ತು. ಊಟವಾದ ಮೇಲೆ ಕೆಲವು ಗಂಟೆ ಕಟ್ಟುವ ಕೆಲಸ ಮುಂದು. ಹೊಟ್ಟೆ ಖಾಲಿಯಾದಾಗ ಬಿಚ್ಚುವ ಕೆಲಸ ಮುಂದು. ವಾರಗಟ್ಟಲೆ ಈ ಜಮಾ–ಖರ್ಚಿನಲ್ಲಿ ಉಳಿತಾಯ ಆದವರಿಗೆ ಸ್ನಾಯು ಬರುತ್ತದೆ.

ಹಾಗಾದರೆ ಹೂ ಬಂದಿದೆ, ಕಟ್ಟಲು ಕೂರಿ ಎಂದು ಹೇಳುವವರು ಯಾರು? ಜೀವಕೋಶದೊಳಗೆ ಎಂಟಾರ್ ಎಂಬ ಪ್ರೋಟೀನ್ ಇದೆ, ಹೂವಿನಂಗಡಿಯ ಯಜಮಾನಿ ಎನ್ನಿ. ಆಕೆ ಬುಟ್ಟಿಗಳನ್ನೆಲ್ಲ ತೆರೆದು ನೋಡುತ್ತಾ ಕೂರುವವಳಲ್ಲ. ಸಂಪಿಗೆಯ ಘಮ ಬಂತೋ, ಹೂವಿನ ಗಾಡಿ ಬಂತು ಎಂದೇ ಲೆಕ್ಕ. ಆ ಸಂಪಿಗೆಯೇ ಲ್ಯೂಸಿನ್. ಲ್ಯೂಸಿನ್ ಇಲ್ಲದಾಗ ಸೆಸ್ಟ್ರಿನ್-2 ಎಂಬ ಇನ್ನೊಂದು ಪ್ರೋಟೀನ್ ಎಂಟಾರ್ ಏಳದಂತೆ ತಡೆದಿಟ್ಟಿರುತ್ತದೆ. ಲ್ಯೂಸಿನ್ ಬಂದು ಅದಕ್ಕೆ ಅಂಟಿಕೊಂಡರೆ ತಡೆ ಸಡಿಲವಾಗುತ್ತದೆ, ಎಂಟಾರ್ ಎದ್ದು ರೈಬೋಸೋಮ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ.

ಎಂಟಾರ್ ಪತ್ತೆಯಾದದ್ದು ಯಾರೂ ಸ್ನಾಯುವನ್ನು ಹುಡುಕಿ ಹೋಗಿದ್ದರಿಂದಲ್ಲ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣು ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಪ್ರಯೋಗಾಲಯದಲ್ಲಿ ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ್ ಸೆಹಗಲ್ ಮತ್ತು ಸಂಗಡಿಗರು ಒಂದು ವಸ್ತುವನ್ನು ಬೇರ್ಪಡಿಸಿದರು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ. ವಸ್ತುವಿಗೆ ರಾಪಾಮೈಸಿನ್ ಎಂದೇ ಹೆಸರಾಯಿತು. ಅದು ಜೀವಕೋಶದಲ್ಲಿ ಯಾವುದಕ್ಕೆ ಗುರಿಯಿಡುತ್ತದೆ ಎಂದು ಹುಡುಕುತ್ತಾ ಹೋದವರಿಗೆ ಕಡೆಗೆ ಸಿಕ್ಕಿದ್ದು ಎಂಟಾರ್. ಮುಂದೆ ಟೆಕ್ಸಾಸ್‌ನಲ್ಲಿ ಸ್ವಯಂಸೇವಕರಿಗೆ ಮೊದಲು ರಾಪಾಮೈಸಿನ್, ಆಮೇಲೆ ಅಗತ್ಯ ಅಮೈನೊ ಆಮ್ಲಗಳನ್ನು ಕೊಟ್ಟು ನೋಡಿದರು. ಸ್ನಾಯು ಕಟ್ಟುವ ವೇಗ ಏರಲೇ ಇಲ್ಲ. ಹೂ ಬುಟ್ಟಿ ತುಂಬಿತ್ತು, ಯಜಮಾನಿ ನಿದ್ದೆಯಲ್ಲಿದ್ದಳು.

ವೇಗದ ಲೆಕ್ಕ ಹೀಗಿದೆ. ಸುಲಭವಾಗಿ ಜೀರ್ಣವಾಗುವ ಹಾಲಿನ ಪ್ರೋಟೀನ್ ಕುಡಿದರೆ ಮುಕ್ಕಾಲು ಗಂಟೆಯ ಹೊತ್ತಿಗೆ ಕಟ್ಟುವ ಕೆಲಸ ಬಿರುಸಾಗುತ್ತದೆ, ಒಂದೂವರೆ–ಎರಡು ಗಂಟೆಗೆ ತುದಿ ಮುಟ್ಟುತ್ತದೆ, ಮೂರು ಗಂಟೆಯ ಆಸುಪಾಸಿನಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ರಕ್ತದಲ್ಲಿ ಅಮೈನೊ ಆಮ್ಲ ಇನ್ನೂ ತುಂಬಿರುವಾಗಲೇ ಇಳಿಯುತ್ತದೆ! ಸ್ನಾಯುವಿಗೂ "ಸಾಕು" ಎನ್ನುವ ಒಂದು ಹಂತ ಇದೆ. ಸುಮ್ಮನೆ ಕೂತವರ ಸ್ನಾಯು ಬೇಗ ಸಾಕೆನ್ನುತ್ತದೆ, ಭಾರ ಎತ್ತಿದವರದು ತಡವಾಗಿ.

ಹಂತ 2: ನಿಮ್ಮ ಅಳತೆ ಕಂಡುಕೊಳ್ಳಿ

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಇದು ಕೊರತೆಯಾಗದಿರಲು ಬೇಕಾದ ಅಳತೆ. ಭಾರ ಎತ್ತಿ ಸ್ನಾಯು ಬೆಳೆಸಬೇಕೆನ್ನುವವರ ಅಳತೆ ಬೇರೆ. 49 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ದಿನಕ್ಕೆ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ.

ಮೈತೂಕ 60 ಕಿಲೋ ಎಂದುಕೊಳ್ಳಿ. 60ನ್ನು 1.6ರಿಂದ ಗುಣಿಸಿದರೆ 96. ದಿನಕ್ಕೆ ನಾಲ್ಕು ಹೊತ್ತು ತಿನ್ನುವವರಾದರೆ ಹೊತ್ತಿಗೆ 24 ಗ್ರಾಂ. ಹೊತ್ತಿಗೆ ಇಷ್ಟು ಪ್ರೋಟೀನ್ ಇದ್ದರೆ ಅದರಲ್ಲಿ ಲ್ಯೂಸಿನ್ ಎರಡು ಗ್ರಾಂ ಆಸುಪಾಸು ತಾನಾಗಿಯೇ ಬಂದಿರುತ್ತದೆ; ಸಂಪಿಗೆಯನ್ನು ಬೇರೆಯಾಗಿ ಎಣಿಸುವ ಗೋಜಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡೇ ಸಂಖ್ಯೆ ಬರೆಯಿರಿ: ದಿನದ್ದು, ಹೊತ್ತಿನದು.

ಹಂತ 3: ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ

ಊಟ ಬದಲಿಸಬೇಡಿ, ಬರೆಯಿರಿ ಅಷ್ಟೇ. ಬೇಳೆ, ಅಕ್ಕಿ, ಹಿಟ್ಟನ್ನು ಬೇಯಿಸುವ ಮುಂಚೆ ತೂಗಿ, ಮನೆಮಂದಿಯ ಲೆಕ್ಕಕ್ಕೆ ಭಾಗ ಮಾಡಿ. ಅಂದಾಜಿಗೆ ಈ ಅಳತೆಗಳು ಸಾಕು:

ಒಂದು ಮೊಟ್ಟೆ: 6 ಗ್ರಾಂ
ಒಂದು ಲೋಟ ಹಾಲು, 200 ಮಿ.ಲೀ.: 6ರಿಂದ 7 ಗ್ರಾಂ
ತೊಗರಿಬೇಳೆ, ಹೆಸರುಬೇಳೆ, ಹುರುಳಿ, 30 ಗ್ರಾಂ: 6ರಿಂದ 7 ಗ್ರಾಂ
ಕಡಲೆಕಾಯಿ ಬೀಜ, 30 ಗ್ರಾಂ: 7 ಗ್ರಾಂ
ಸೋಯಾ ಚಂಕ್ಸ್, ಒಣಗಿದ್ದು, 30 ಗ್ರಾಂ: 15 ಗ್ರಾಂ
ಪನೀರ್, 100 ಗ್ರಾಂ: 18ರಿಂದ 20 ಗ್ರಾಂ
ಮೂಳೆಯಿಲ್ಲದ ಕೋಳಿ ಅಥವಾ ಬಂಗುಡೆ ಮೀನು, 100 ಗ್ರಾಂ: 20 ಗ್ರಾಂ ಆಸುಪಾಸು
ರಾಗಿ ಹಿಟ್ಟು 100 ಗ್ರಾಂ: 7, ಅಕ್ಕಿ 8, ಜೋಳದ ಹಿಟ್ಟು 10

ನನ್ನ ನೋಟ್‌ಬುಕ್ಕಿನ ಮೊದಲ ದಿನ ಹೀಗಿತ್ತು: ತಿಂಡಿಗೆ 9 ಗ್ರಾಂ, ಮಧ್ಯಾಹ್ನ 18, ಸಂಜೆ ಕೋಡುಬಳೆ–ಕಾಫಿಯಲ್ಲಿ 4, ರಾತ್ರಿ ಕೋಳಿಸಾರಿನ ಜೊತೆ 35. ಒಟ್ಟು 66. ಎಪ್ಪತ್ತು ಕಿಲೋ ತೂಕದವನಿಗೆ ಐಸಿಎಂಆರ್ ಲೆಕ್ಕದಲ್ಲಿ ಪಾಸು, ಜಿಮ್ ಲೆಕ್ಕದಲ್ಲಿ ನಪಾಸು. ಆದರೆ ನನಗೆ ನಾಟಿದ್ದು ಒಟ್ಟು ಮೊತ್ತವಲ್ಲ, ಮೊದಲ ಸಾಲು. ರಾತ್ರಿ ಒಂಬತ್ತಕ್ಕೆ ಉಂಡವನು ಮಾರನೆಯ ದಿನ ಮಧ್ಯಾಹ್ನ ಒಂದರ ತನಕ, ಹದಿನಾರು ಗಂಟೆ, ಯಜಮಾನಿಯನ್ನು ಎಬ್ಬಿಸುವಂಥ ಏನನ್ನೂ ತಿಂದಿರಲಿಲ್ಲ. ಆ ಕಿತ್ತಳೆ ಪುಡಿಯೊಂದನ್ನು ಬಿಟ್ಟು. ಅದರ ಕಥೆ ಆಮೇಲೆ ಹೇಳುತ್ತೇನೆ.

ಹಂತ 4: ತಿಂಡಿಯೊಂದನ್ನು ಸರಿಮಾಡಿ

ಮಿಕ್ಕೆಲ್ಲ ಹಂತ ಮರೆತರೂ ಇದನ್ನು ಮರೆಯಬೇಡಿ. ನಮ್ಮ ಕಡೆಯ ಮಧ್ಯಾಹ್ನದ ಊಟದಲ್ಲಿ ಸಾರು, ಹುಳಿ, ಮೊಸರು ಹೇಗೋ ಸೇರಿಕೊಳ್ಳುತ್ತವೆ. ತಿಂಡಿ ಎಂಬುದು ಮಾತ್ರ ಹೆಚ್ಚುಕಡಿಮೆ ಬರೀ ಧಾನ್ಯ. ಮೂರು ಇಡ್ಲಿ, ಚಟ್ನಿ, ಒಂದು ಸೌಟು ತೆಳು ಸಾಂಬಾರ್, ಎಲ್ಲ ಸೇರಿ ಹತ್ತು ಗ್ರಾಂ ಮುಟ್ಟುವುದು ಕಷ್ಟ. ಅರವತ್ತು ಗ್ರಾಂ ರವೆಯ ಉಪ್ಪಿಟ್ಟಿನಲ್ಲಿ ಆರು ಗ್ರಾಂ ಚಿಲ್ಲರೆ. ಅವಲಕ್ಕಿಯ ಕಥೆ ಇನ್ನೂ ಬಡವು. ರುಚಿಯಲ್ಲಿ ಇವುಗಳ ಮೇಲೆ ನನ್ನ ಯಾವ ದೂರೂ ಇಲ್ಲ. ನಾನೂ ಭಾನುವಾರ ಸೆಟ್ ದೋಸೆಗೆ ಸಾಲು ನಿಲ್ಲುವವನೇ.

ಬದಲಾವಣೆ ದೊಡ್ಡದೇನಲ್ಲ. ಅಕ್ಕಿ ದೋಸೆಯ ಬದಲು ಹೆಸರುಬೇಳೆ ದೋಸೆ ಮಾಡಿ. ಒಬ್ಬರಿಗೆ 60 ಗ್ರಾಂ ಬೇಳೆ ಎಂದರೆ 14 ಗ್ರಾಂ ಪ್ರೋಟೀನ್. ಇಪ್ಪತ್ತು ಗ್ರಾಂ ಕಡಲೆಕಾಯಿ ಬೀಜದ ಚಟ್ನಿಯಿಂದ 5, ಒಂದು ದೊಡ್ಡ ಬಟ್ಟಲು ಮೊಸರಿನಿಂದ 5. ಲೆಕ್ಕ 24ಕ್ಕೆ ಬಂತು. ರಾತ್ರಿ ನೆನೆಹಾಕಿ ಬೆಳಿಗ್ಗೆ ಹಸಿಮೆಣಸು, ಶುಂಠಿ, ಜೀರಿಗೆ ಹಾಕಿ ರುಬ್ಬಿದರಾಯಿತು, ಹುದುಗು ಬರಿಸುವ ರಗಳೆಯೂ ಇಲ್ಲ.

ಉಪ್ಪಿಟ್ಟು ಬಿಡಲಾರೆ ಎನ್ನುವವರು ಸೋಯಾ ಚಂಕ್ಸ್ ತನ್ನಿ. ಅಂಗಡಿಯಲ್ಲಿ ಮೀಲ್ ಮೇಕರ್ ಎಂದು ಕೇಳಿದರೂ ಕೊಡುತ್ತಾರೆ. ಮೂವತ್ತು ಗ್ರಾಂ ಬಿಸಿನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಒಗ್ಗರಣೆಗೇ ಹಾಕಿ ಹುರಿಯಿರಿ. ಹಿಂಡುವುದನ್ನು ಮರೆತರೆ ಅದರ ವಾಸನೆ ಮನೆಯವರನ್ನೆಲ್ಲ ನಿಮ್ಮ ವಿರುದ್ಧ ಒಂದುಮಾಡುತ್ತದೆ. ನಮ್ಮ ಮನೆಯಲ್ಲಿ ಆಗಿದೆ. ಅದರ ಮೇಲೊಂದು ಲೋಟ ಹಾಲು ಕುಡಿದರೆ 27 ಗ್ರಾಂ ಆಯಿತು.

ಮೊಟ್ಟೆ ತಿನ್ನುವವರಿಗೆ ಎಲ್ಲವೂ ಸಲೀಸು: ಮೂರು ಮೊಟ್ಟೆ, ಒಂದು ಲೋಟ ಹಾಲು, ಜೊತೆಗೆ ಇದ್ದ ದೋಸೆಯೋ ಚಪಾತಿಯೋ. ಬರೀ ಬಿಳಿಭಾಗ ತಿಂದು ಹಳದಿ ಎಸೆಯುವ ಜಿಮ್ ಪದ್ಧತಿ ನನಗೆ ಹಿಡಿಸದು; ಹಳದಿಯಲ್ಲೂ ಪ್ರೋಟೀನ್ ಇದೆ, ಜೀವಸತ್ವಗಳಂತೂ ಬಹುತೇಕ ಅಲ್ಲೇ ಇವೆ. ಕೊಲೆಸ್ಟ್ರಾಲ್ ತೊಂದರೆ ಇದ್ದವರು ವೈದ್ಯರ ಮಾತು ಕೇಳಲಿ.

ಉತ್ತರ ಕರ್ನಾಟಕದವರು ಇಲ್ಲಿ ನಮಗಿಂತ ಮುಂದಿದ್ದಾರೆ. ಎರಡು ಜೋಳದ ರೊಟ್ಟಿಯಲ್ಲಿ 10 ಗ್ರಾಂ, 40 ಗ್ರಾಂ ಮಡಿಕೆಕಾಳಿನ ಪಲ್ಯದಲ್ಲಿ 9, ಶೇಂಗಾ ಚಟ್ನಿಪುಡಿಯಲ್ಲಿ 3, ಒಂದು ಬಟ್ಟಲು ಮೊಸರಿನಲ್ಲಿ ಮತ್ತೆ 3. ಯಾರೂ ಗ್ರಾಂ ಎಣಿಸದೆ, ಯಾವ ಲೇಖನವನ್ನೂ ಓದದೆ ಇಪ್ಪತ್ತೈದು ಮುಟ್ಟಿರುತ್ತಾರೆ.

ಬೆಳಗ್ಗೆಯೇ ಕಾಳು ತಿಂದರೆ ಹೊಟ್ಟೆ ಉಬ್ಬರ ಎಂಬ ತಕರಾರು ಬರುತ್ತದೆ. ನಿಜ. ಮೊದಲ ವಾರ ಅರ್ಧ ಅಳತೆಯಿಂದ ಶುರುಮಾಡಿ, ಚೆನ್ನಾಗಿ ನೆನೆಸಿ, ನೆನೆಸಿದ ನೀರು ಚೆಲ್ಲಿ.

ಹಂತ 5: ಧಾನ್ಯಕ್ಕೆ ಕಾಳಿನ ಜೊತೆ ಕೊಡಿ

ಅಕ್ಕಿ, ಗೋಧಿ, ಜೋಳ, ರಾಗಿ ಇವುಗಳಲ್ಲಿ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳ, ಮಿಥಿಯೊನಿನ್ ಕಡಿಮೆ. ಒಂದರ ಬುಟ್ಟಿಯಲ್ಲಿ ಇಲ್ಲದ ಹೂ ಇನ್ನೊಂದರಲ್ಲಿದೆ. ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ತೊವ್ವೆ, ರೊಟ್ಟಿಗೆ ಕಾಳುಪಲ್ಯ: ನಮ್ಮ ಹಿರಿಯರಿಗೆ ಲೈಸಿನ್ ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು. ನಾವು ಈಗ ಮಾಡುತ್ತಿರುವುದೇನೆಂದರೆ ಜೋಡಿಯನ್ನು ಉಳಿಸಿಕೊಂಡು ಅಳತೆ ಕೆಡಿಸಿರುವುದು. ತಟ್ಟೆ ತುಂಬ ಅನ್ನ, ಅದರ ಮೇಲೆ ಬೇಳೆಯ ನೆರಳು ಬಿದ್ದಂಥ ತಿಳಿಸಾರು. ಸಾರಿಗಿಂತ ತಳದಲ್ಲಿ ನಿಂತ ಬೇಳೆಯನ್ನು ಕಲಕಿ ಹಾಕಿಕೊಳ್ಳಿ.

ಈ ಲೈಸಿನ್ ವಿಷಯದಲ್ಲಿ ಬೆಂಗಳೂರಿಗೆ ಒಂದು ಪಾಲಿದೆ. ವಯಸ್ಕರಿಗೆ ದಿನಕ್ಕೆ ಕಿಲೋಗೆ 12 ಮಿಲಿಗ್ರಾಂ ಲೈಸಿನ್ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರಲ್ಲೇ ಅಳೆದು, ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಲ್ಲಿ ಆ ಸಂಖ್ಯೆ 30 ಮಿಲಿಗ್ರಾಂಗೆ ಏರಿತು. ಧಾನ್ಯವನ್ನೇ ನೆಚ್ಚಿದ ನಮ್ಮಂಥವರಿಗೆ ಇದು ಸಣ್ಣ ಬದಲಾವಣೆಯಲ್ಲ. ಇಡೀ ಹೆಸರುಕಾಳಿಗಿಂತ ಸಿಪ್ಪೆ ತೆಗೆದ ಹೆಸರುಬೇಳೆಯ ಪ್ರೋಟೀನ್ ಮೈಗೆ ಹೆಚ್ಚು ಹತ್ತುತ್ತದೆ ಎಂಬುದನ್ನೂ ಸೇಂಟ್ ಜಾನ್ಸ್‌ನವರೇ ಅಳೆದಿದ್ದಾರೆ. ಮೇಲಿನ ದೋಸೆಗೆ ನಾನು ಬೇಳೆಯನ್ನೇ ಹೇಳಿದ್ದು ಅದಕ್ಕೇ.

ಲ್ಯೂಸಿನ್ ಒಂದೇ ಇದ್ದರೆ ಸಾಕೇ ಎಂದು ಕೇಳುವವರಿಗೆ ಜೋಳದ ಹಳೆಯ ಕಥೆ ಇದೆ. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಹೇರಳ. ಆದರೂ ದಖ್ಖನಿನ ಒಣಭೂಮಿಯಲ್ಲಿ ಬರೀ ಜೋಳ ತಿಂದು ಬದುಕುತ್ತಿದ್ದ ಬಡವರಲ್ಲಿ ಚರ್ಮ ಸುಡುವ ಪೆಲ್ಲಾಗ್ರ ರೋಗ ಕಾಣಿಸಿಕೊಳ್ಳುತ್ತಿತ್ತು. ಆ ಅತಿಯಾದ ಲ್ಯೂಸಿನ್ನೇ ಇದಕ್ಕೆ ಕಾರಣವಿರಬಹುದು ಎಂದು 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ವಾದಿಸಿದರು. ಆ ವಾದದ ಮೇಲೆ ಆಮೇಲೆ ಸಾಕಷ್ಟು ಜಗಳ ನಡೆದಿದೆ. ಏನೇ ಇರಲಿ, ಲ್ಯೂಸಿನ್ ರಾಶಿ ಬಿದ್ದಿದ್ದರೂ ಬರೀ ಜೋಳ ಯಾರ ಮೈಯನ್ನೂ ಕಟ್ಟಲಿಲ್ಲ. ರೊಟ್ಟಿಯ ಪಕ್ಕದ ಕಾಳುಪಲ್ಯ ಅಲಂಕಾರವಲ್ಲ.

ಸಸ್ಯಾಹಾರಿಗಳು ಇಷ್ಟರಲ್ಲೇ ಕೈಚೆಲ್ಲಬೇಕಿಲ್ಲ. 2021ರಲ್ಲಿ ಬ್ರೆಜಿಲ್‌ನಲ್ಲಿ ಹಾಲೂ ಮುಟ್ಟದ ಸಸ್ಯಾಹಾರಿ ಯುವಕರನ್ನೂ ಮಾಂಸಾಹಾರಿಗಳನ್ನೂ 12 ವಾರ ಜೊತೆಜೊತೆಯಾಗಿ ವ್ಯಾಯಾಮದಲ್ಲಿ ಪಳಗಿಸಿದರು. ಇಬ್ಬರಿಗೂ ಕಿಲೋಗೆ 1.6 ಗ್ರಾಂ ಪ್ರೋಟೀನ್, ಒಬ್ಬರಿಗೆ ಸೋಯಾದಿಂದ, ಇನ್ನೊಬ್ಬರಿಗೆ ಹಾಲಿನಿಂದ ಭರ್ತಿ. ಕಾಲಿನ ಸ್ನಾಯು ಇಬ್ಬರಿಗೂ ಸಮವಾಗಿಯೇ ಬೆಳೆಯಿತು.

ಹಂತ 6: ಭಾರ ಎತ್ತಿ

ತಿಂದರೆ ಕಟ್ಟುವ ಕೆಲಸ ಏಳುತ್ತದೆ, ಮೂರು ಗಂಟೆಗೆ ಮಲಗುತ್ತದೆ. ಭಾರ ಎತ್ತಿದ ಸ್ನಾಯು ಮಾತ್ರ ಒಂದರಿಂದ ಎರಡು ದಿನ ಎಚ್ಚರವಾಗಿರುತ್ತದೆ, ಆ ಅವಧಿಯ ಪ್ರತಿ ಊಟವನ್ನೂ ಹೆಚ್ಚು ಚೆನ್ನಾಗಿ ಬಳಸಿಕೊಳ್ಳುತ್ತದೆ. ವಾರಕ್ಕೆ ಎರಡು–ಮೂರು ದಿನ ಸಾಕು ಎನ್ನುವುದು ಇದರಿಂದಲೇ.

ಜಿಮ್ ಇಲ್ಲದವರಿಗೆ ಗರಡಿಮನೆಯ ದಂಡ, ಬಸ್ಕಿ ಇವೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಫಿಲಿಪ್ಸ್ ತಂಡ ತೋರಿಸಿದಂತೆ, ಹಗುರ ಭಾರವನ್ನು ಇನ್ನಾಗದು ಎನ್ನುವಷ್ಟು ಸಲ ಎತ್ತಿದರೂ ದೊಡ್ಡ ಭಾರ ಎತ್ತಿದಷ್ಟೇ ಸ್ನಾಯು ಬೆಳೆಯುತ್ತದೆ. ನೀವು ಆ ತುದಿಗಿಂತ ತುಸು ಮುಂಚೆ, "ಇನ್ನೆರಡು ಮಾಡಬಹುದಿತ್ತೇನೋ" ಎನ್ನುವಲ್ಲಿ ನಿಲ್ಲಿಸಿ. ಹತ್ತು ಬಸ್ಕಿ ಸುಲಭವಾದ ದಿನ ಹದಿನೈದು ಮಾಡಿ, ಅದೂ ಸುಲಭವಾದರೆ ಕೈಯಲ್ಲಿ ಎರಡು ನೀರಿನ ಬಾಟಲಿ ಹಿಡಿಯಿರಿ. ಮೊದಲ ಕೆಲವು ವಾರ ಕಟ್ಟುವ ಕೆಲಸದ ಬಹುಪಾಲು ಹೊಸ ಶ್ರಮದಿಂದಾದ ಹಾನಿಯನ್ನು ರಿಪೇರಿ ಮಾಡುವುದಕ್ಕೇ ಹೋಗುತ್ತದೆ. ಬಲ ಬೇಗ ಬರುತ್ತದೆ, ಗಾತ್ರ ತಡವಾಗಿ. ಎರಡು ತಿಂಗಳಿಗೆ ಮುಂಚೆ ಟೇಪು ಹಿಡಿಯಬೇಡಿ.

ಹಂತ 7: ಗಡಿಯಾರಕ್ಕೆ ಹೆದರಬೇಡಿ

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂದು ಜಿಮ್ಮಿನಲ್ಲಿ ಹೆದರಿಸುತ್ತಾರೆ. ಇಪ್ಪತ್ತನಾಲ್ಕು ಗಂಟೆ ಎಚ್ಚರವಿರುವ ಸ್ನಾಯುವಿಗೆ ಅರ್ಧ ಗಂಟೆಯ ಗಡುವೇ? ಮನೆಗೆ ಬಂದು ಸ್ನಾನ ಮಾಡಿ ತಿಂಡಿ ತಿನ್ನಿ. ಒಂದು ಹೊತ್ತಿಗೆ 20–30 ಗ್ರಾಂಗಿಂತ ಹೆಚ್ಚು ಮೈಗೆ ಹತ್ತುವುದೇ ಇಲ್ಲ ಎಂಬ ಇನ್ನೊಂದು ಮಾತೂ ಅರ್ಧ ಸತ್ಯ. 2023ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ವ್ಯಾಯಾಮದ ನಂತರ ಒಮ್ಮೆಗೇ 100 ಗ್ರಾಂ ಹಾಲಿನ ಪ್ರೋಟೀನ್ ಕೊಟ್ಟಾಗ ಕಟ್ಟುವ ಕೆಲಸ 12 ಗಂಟೆಗೂ ಮೀರಿ ನಡೆಯಿತು. ದಿನದ ಒಟ್ಟು ಮೊದಲು, ಹಂಚಿಕೆ ಆಮೇಲೆ. ಆದರೆ ರಾತ್ರಿಯ ತಟ್ಟೆಯಲ್ಲಿ ಇನ್ನೂ ಐವತ್ತು ಗ್ರಾಂ ತುರುಕಲು ಜಾಗ ಎಲ್ಲಿದೆ? ಜಾಗ ಇರುವುದು ಬೆಳಿಗ್ಗೆಯೇ.

ನಿದ್ದೆಗೇಡು ಮತ್ತು ಕುಡಿತ ಮಾತ್ರ ಲೆಕ್ಕ ಕೆಡಿಸುತ್ತವೆ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟರೆ ಕಟ್ಟುವ ವೇಗ ಶೇ. 18ರಷ್ಟು ಇಳಿದದ್ದನ್ನು ಅಳೆದಿದ್ದಾರೆ. ವ್ಯಾಯಾಮದ ಮೇಲೆ ವಿಪರೀತ ಮದ್ಯ ಕುಡಿದವರಲ್ಲಿ, ಜೊತೆಗೆ ಪ್ರೋಟೀನ್ ಕೊಟ್ಟಿದ್ದರೂ, ಸುಮಾರು ಕಾಲು ಭಾಗ ಕಡಿಮೆ. ಹೊಟ್ಟೆ ಕಟ್ಟಿ ತೂಕ ಇಳಿಸುವವರೂ ಎಚ್ಚರ ವಹಿಸಬೇಕು: ಒಲೆಗೆ ಸೌದೆ ಸಾಲದಾದರೆ ದೇಹ ಮನೆಯ ಜಂತಿಯನ್ನೇ ಕಿತ್ತು ಉರಿಸುತ್ತದೆ.

ಹಂತ 8: ಡಬ್ಬ ಕೊಳ್ಳುವ ಮುಂಚೆ ಹಿಂಬದಿ ಓದಿ

ನನ್ನ ಕಿತ್ತಳೆ ಪುಡಿಯ ಕಥೆ ಈಗ. ಅದರಲ್ಲಿದ್ದದ್ದು ಬಿಸಿಎಎ, ಅಂದರೆ ಒಂಬತ್ತರಲ್ಲಿ ಮೂರೇ ಹೂ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಸಂಪಿಗೆಯ ಘಮಕ್ಕೆ ಯಜಮಾನಿ ಎದ್ದು ಕೂರುತ್ತಾಳೆ, ಬುಟ್ಟಿ ತೆರೆದರೆ ಮಲ್ಲಿಗೆ ಇಲ್ಲ, ಕನಕಾಂಬರ ಇಲ್ಲ. ಉಳಿದ ಆರನ್ನು ಹಳೆಯ ಮಾಲೆ ಬಿಚ್ಚಿಯೇ ತರಬೇಕು. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯಾಯಾಮದ ನಂತರ 5.6 ಗ್ರಾಂ ಬಿಸಿಎಎ ಕುಡಿದವರ ಕಟ್ಟುವ ವೇಗ ಶೇ. 22ರಷ್ಟೇ ಏರಿತು. ಅಷ್ಟೇ ಬಿಸಿಎಎ ಇರುವ ಪೂರ್ಣ ವೇ ಪ್ರೋಟೀನ್ ಕೊಟ್ಟರೆ ಅದರ ಎರಡರಷ್ಟರ ಹತ್ತಿರ ಏರುತ್ತದೆಂದು ಹಿಂದಿನ ಅಳತೆಗಳಲ್ಲಿ ಕಂಡಿತ್ತು. ಒಂದು ಲೋಟ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ಕೊಟ್ಟು ಹಾಲಿಗಿಂತ ಕಡಿಮೆ ಹೂ ತಂದಿದ್ದೆ. ಹೊಳೆಯುವ ಚರ್ಮಕ್ಕೆಂದು ಮಾರುವ ಕೊಲಾಜೆನ್ ಪುಡಿಯೂ ಸ್ನಾಯುವಿಗೆ ಒದಗದು. ಅದರಲ್ಲಿ ಟ್ರಿಪ್ಟೊಫಾನ್ ಇಲ್ಲವೇ ಇಲ್ಲ.

ವೇ ಪುಡಿ ಬೇರೆ ಮಾತು. ಹಾಲಿನ ತಿಳಿಯಿಂದ ಬಂದದ್ದು, ಒಂಬತ್ತೂ ಇವೆ, ಲ್ಯೂಸಿನ್ ಹತ್ತರಲ್ಲೊಂದು ಪಾಲು. ಆದರೂ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ, ಊಟದಿಂದಲೇ ಪಡೆಯಿರಿ ಎಂದಿದೆ. ನನ್ನ ನಿಲುವು: ನಾಲ್ಕನೇ ಹಂತ ಎರಡು ತಿಂಗಳು ಮಾಡಿ ನೋಡಿದ ಮೇಲೂ ಅಳತೆ ಮುಟ್ಟದವರು ಕೊಳ್ಳಲಿ. ಕೊಳ್ಳುವಾಗ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನೋಡಿ, ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಎಷ್ಟನೆಯದೆಂದು ನೋಡಿ.

ಹಂತ 9: ಮನೆಯ ಹಿರಿಯರ ತಟ್ಟೆಗೂ ಇದೇ ಲೆಕ್ಕ

ಈ ವಿಷಯ ನಿಜವಾಗಿ ಬೇಕಾಗಿರುವುದು ಜಿಮ್ಮಿನ ಹುಡುಗರಿಗಲ್ಲ. ವಯಸ್ಸಾದಂತೆ ಸಂಪಿಗೆಯ ಘಮ ಯಜಮಾನಿಯ ಮೂಗಿಗೆ ಬೇಗ ಹತ್ತುವುದಿಲ್ಲ. ಯುವಕರ ಸ್ನಾಯುವನ್ನು ಪೂರ್ತಿ ಎಬ್ಬಿಸಲು ಹೊತ್ತಿಗೆ ಕಿಲೋಗೆ 0.24 ಗ್ರಾಂ ಪ್ರೋಟೀನ್ ಸಾಕಾದರೆ, ಎಪ್ಪತ್ತರ ಆಸುಪಾಸಿನವರಿಗೆ 0.40 ಬೇಕು ಎಂದು ಅಳತೆಗಳು ಹೇಳುತ್ತವೆ. ಐವತ್ತೈದು ಕಿಲೋ ತೂಕದ ಅಜ್ಜಿಗೆ ಹೊತ್ತಿಗೆ 22 ಗ್ರಾಂ ಬೇಕು. ನಾವು ಅವರಿಗೆ ಕೊಡುವುದೇನು? "ವಯಸ್ಸಾಯಿತು, ಹಗುರವಾಗಿ ತಿನ್ನಲಿ" ಎಂದು ಬೆಳಿಗ್ಗೆ ಗಂಜಿ, ರಾತ್ರಿ ಮೊಸರನ್ನ.

ನಮ್ಮಮ್ಮನಿಗೆ ಇದನ್ನು ಹೇಳಿದಾಗ "ಈ ವಯಸ್ಸಿಗೆ ಇನ್ನೇನಪ್ಪಾ, ನಾನೂ ಮೈ ಬೆಳೆಸ್ಬೇಕಾ?" ಎಂದರು. ಬೆಳೆಸುವುದಕ್ಕಲ್ಲ, ಬಚ್ಚಲಿಂದ ಎದ್ದು ಬರುವುದಕ್ಕೆ ಎಂದೆ. ಒಪ್ಪಿದರು. ಮೊಸರು ಹೆಪ್ಪು ಹಾಕುವ ಹಾಲಿಗೆ ಎರಡು ಚಮಚ ಕೆನೆರಹಿತ ಹಾಲಿನ ಪುಡಿ ಬೆರೆಸುತ್ತೇವೆ, ಅದರಿಂದಲೇ 5 ಗ್ರಾಂ. ಅನ್ನದ ಅರ್ಧ ಜಾಗಕ್ಕೆ ಗಟ್ಟಿ ಹೆಸರುಬೇಳೆ ತೊವ್ವೆ ಬಂತು. ಸಂಜೆ ಹುರಿಗಡಲೆ ಹಲ್ಲಿಗಾಗದು, ಪುಡಿಮಾಡಿ ಬೆಲ್ಲ ಸೇರಿಸಿದ ಉಂಡೆ ಆಗುತ್ತದೆ. ದಿನ ಬಿಟ್ಟು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಬಸ್ಕಿ. ಪಕ್ಕದಲ್ಲಿ ಯಾರಾದರೂ ನಿಂತಿರಬೇಕು.

ಶುರುಮಾಡಿದ ದಿನ ಅಮ್ಮ ಎದ್ದದ್ದು ಮೂರು ಸಲ. ಈಗ ಹನ್ನೊಂದಕ್ಕೆ ಬಂದಿದ್ದಾರೆ. ಸೋಯಾ ಉಪ್ಪಿಟ್ಟನ್ನು ಮಾತ್ರ ಇವತ್ತಿಗೂ ತಟ್ಟೆಯ ಅಂಚಿಗೆ ಸರಿಸುತ್ತಾರೆ.